ಗೋಡೆಯೊಳಗಿನ ಕೆಲಸ, ಗೋಡೆಯ ಹೊರಗಿನ ಬೈಗುಳ

ಪುಣೆಯ ಹೊಸ ಮನೆಗೆ ಬಂದು ಒಂಬತ್ತನೇ ದಿನ. ಬೆಳಿಗ್ಗೆ ಏಳೂಕಾಲು. ಗೀಸರ್ ಹಾಕಿದ್ದೇ ತಡ, ಇಡೀ ಮನೆಯ ಕರೆಂಟು ಹೋಯಿತು. ಬಾಗಿಲ ಹಿಂದಿನ ಬೋರ್ಡು ತೆರೆದು, ಕೆಳಗೆ ಬಿದ್ದಿದ್ದ ಆರ್‌ಸಿಸಿಬಿಯನ್ನು ಮೇಲೆತ್ತಿದೆ. ಎರಡು ನಿಮಿಷ ನಿಂತಿತು. ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿತು, ಮತ್ತೆ ಕತ್ತಲು. ಮಗಳ ಶಾಲೆಯ ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷ, ನನ್ನ ಮೊದಲ ಮೀಟಿಂಗಿಗೆ ನಲವತ್ತು. ನನ್ನ ಹೆಂಡತಿ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಲೆಕ್ಕ ಇಟ್ಟಿದ್ದಳು. ಒಂಬತ್ತು ದಿನಕ್ಕೆ ಹದಿನೇಳು ಸಲ.

ನಾನು ಎಲ್ಲ ಮನೆ ಮಾಲೀಕರೂ ಮಾಡುವುದನ್ನೇ ಮಾಡಿದೆ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, "ಏನ್ರೀ ಇದು ನಿಮ್ಮ ವೈರಿಂಗು?" ಎಂದು ದಬಾಯಿಸಿದೆ.

ಅವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಐವತ್ತರ ಆಸುಪಾಸು. ಹರೆಯದಲ್ಲಿ ಸೊಲ್ಲಾಪುರಕ್ಕೆ ಬಂದು, ಅಲ್ಲಿಂದ ಪುಣೆಗೆ ಹೆಲ್ಪರ್ ಆಗಿ ಸೇರಿ, ಈಗ ನಾಲ್ಕು ಹುಡುಗರನ್ನು ಇಟ್ಟುಕೊಂಡು ಸ್ವಂತ ಕೆಲಸ ಮಾಡುತ್ತಾರೆ. ನನ್ನ ಮಗಳು ಅವರನ್ನು 'ಕಾಕಾ' ಎನ್ನುತ್ತಾಳೆ. ನಮ್ಮದು ಹನ್ನೆರಡು ವರ್ಷ ಹಳೆಯ ಫ್ಲ್ಯಾಟು. ಅದನ್ನು ಕೊಂಡು, ಹಳೆಯ ವೈರಿಂಗ್ ಕಿತ್ತು, ನೆಲ, ಅಡುಗೆಮನೆ, ಛಾವಣಿ ಎಲ್ಲ ಹೊಸದಾಗಿ ಮಾಡಿಸಿದ್ದೆವು. ಮೂರು ತಿಂಗಳು ಈ ಮನೆಯಲ್ಲಿ ಆರೇಳು ಕಸುಬಿನವರು ಓಡಾಡಿದ್ದರು. ಕನ್ನಡ ಮಾತಾಡುವವರು ಇವರೊಬ್ಬರೇ.

ಆ ದಿನ ಸಂಜೆ ಬೇರೆ ಸೈಟಿನ ಕೆಲಸ ಮುಗಿಸಿ ಬಂದರು. ನನಗೆ ತಾಳ್ಮೆ ಇರಲಿಲ್ಲ. "ಈ ಆರ್‌ಸಿಸಿಬಿ ತೆಗೆದು ನೇರವಾಗಿ ಕೊಟ್ಟುಬಿಡಿ. ಬಾಡಿಗೆ ಮನೆಯಲ್ಲಿ ಇದು ಇರಲೇ ಇಲ್ಲ, ನಮಗೇನೂ ಆಗಿರಲಿಲ್ಲ" ಎಂದೆ. ಅವರು ಟಾರ್ಚು ಹಿಡಿದು ಬೋರ್ಡಿನ ಮುಂದೆ ಕುಳಿತಿದ್ದರು. ತಿರುಗಿ ನೋಡದೆಯೇ ಹೇಳಿದರು:

"ತಗದ್ರ ಲೈಟ್ ಹೋಗೂದು ನಿಲ್ತೈತ್ರಿ ಸರ, ಖರೆ. ನಾಳೆ ಬಚ್ಚಲದಾಗ ನೀರಿಗೆ ಕರಂಟ್ ಬಂತಂದ್ರ ನಿಮಗ ಹೇಳವ್ರು ಯಾರು? ಬ್ಯಾರೆ ಯಾರನ್ನರ ಕರೀರಿ. ನಾ ಅಂತೂ ತಗ್ಯಾಂಗಿಲ್ಲ."

ತಪ್ಪು ಎಲ್ಲಿತ್ತು?

ಆರ್‌ಸಿಸಿಬಿ ಮಾಡುವುದು ಒಂದೇ ಕೆಲಸ. ಫೇಸ್ ತಂತಿಯಲ್ಲಿ ಎಷ್ಟು ಕರೆಂಟು ಹೋಯಿತೋ ಅಷ್ಟೇ ನ್ಯೂಟ್ರಲ್ ತಂತಿಯಲ್ಲಿ ಹಿಂದಿರುಗಿತೇ ಎಂದು ಸದಾ ಲೆಕ್ಕ ಹಾಕುತ್ತಿರುತ್ತದೆ. ಎಲ್ಲೋ ಸೋರಿದರೆ, ಅಂದರೆ ಮನುಷ್ಯನ ಮೈಯಿಂದಲೋ ಒದ್ದೆ ಗೋಡೆಯಿಂದಲೋ ನೆಲಕ್ಕೆ ಹರಿದರೆ, ಕ್ಷಣಮಾತ್ರದಲ್ಲಿ ಬೀಳುತ್ತದೆ. ಮನೆಗಳಲ್ಲಿ ಜೀವರಕ್ಷಣೆಗೆ ಹಾಕುವ ಆರ್‌ಸಿಸಿಬಿಯ ಮಿತಿ 30 ಮಿಲಿಆಂಪಿಯರ್. ಒಂದು 9 ವ್ಯಾಟ್ ಎಲ್ಇಡಿ ಬಲ್ಬು ಎಳೆಯುವ ಕರೆಂಟು ಕೂಡ ಇದಕ್ಕಿಂತ ಹೆಚ್ಚು. ಎಂಸಿಬಿಗೆ ಇಷ್ಟು ಸಣ್ಣ ಸೋರಿಕೆ ಗೊತ್ತೇ ಆಗುವುದಿಲ್ಲ. ಅದು ತಂತಿ ಕಾಯದಂತೆ ಕಾಯುತ್ತದೆ, ಮನುಷ್ಯರನ್ನಲ್ಲ.

ನಾನು ಬುದ್ಧಿವಂತನಂತೆ ಹಿಂದಿನ ದಿನವೇ ಎಂಸಿಬಿಗಳನ್ನು ಒಂದೊಂದಾಗಿ ಇಳಿಸಿ, ಯಾವ ಸಾಲಿನಲ್ಲಿ ದೋಷ ಎಂದು ಹುಡುಕಿದ್ದೆ. ಯಾವುದನ್ನು ಇಳಿಸಿದರೂ ಅದೇ ಹಾಡು. ಅವರು ನಕ್ಕರು. "ಎಂಸಿಬಿ ಬಂದ್ ಮಾಡಿದ್ರ ಫೇಸ್ ಅಷ್ಟ ಬಂದ್ ಆಗತೈತ್ರಿ. ನ್ಯೂಟ್ರಲ್ ಎಲ್ಲಾ ಒಂದ ಪಟ್ಟ್ಯಾಗ ಕೂಡ್ಯಾವ, ಅವು ಹಂಗ ಇರ್ತಾವ." ಮೇನ್ ಆಫ್ ಮಾಡಿ, ಎಲ್ಲ ಪ್ಲಗ್ ಕಿತ್ತು, ನ್ಯೂಟ್ರಲ್ ತಂತಿಗಳನ್ನು ಪಟ್ಟಿಯಿಂದ ಒಂದೊಂದಾಗಿ ಬಿಚ್ಚಿ, ಮೆಗರ್ ಹಚ್ಚಿ ನೋಡುತ್ತ ಹೋದರು. ಮೆಗರ್ ಎಂದರೆ ತಂತಿಯ ಮೇಲಿನ ಹೊದಿಕೆ ಗಟ್ಟಿಯಾಗಿದೆಯೇ ಎಂದು 500 ವೋಲ್ಟ್ ಡಿಸಿ ಕೊಟ್ಟು ಅಳೆಯುವ ಪೆಟ್ಟಿಗೆ. ಹೊದಿಕೆ ಸರಿಯಿದ್ದರೆ ಮೆಗಾಓಮ್‌ಗಳ ಲೆಕ್ಕ ತೋರಿಸಬೇಕು. ಎಂಟು ತಂತಿ ಸರಿಯಾಗಿದ್ದವು. ಒಂಬತ್ತನೆಯದು ಸೊನ್ನೆ. ಹಾಲಿನ ಟಿವಿ ಪಾಯಿಂಟು.

ಭಾನುವಾರ ಕಾರ್ಪೆಂಟರನ್ನು ಕರೆಸಿ ಟಿವಿ ಹಿಂದಿನ ಪ್ಲೈವುಡ್ ಪ್ಯಾನೆಲ್ ಬಿಚ್ಚಿಸಿದೆವು. ನಾಲ್ಕನೆಯ ಸ್ಕ್ರೂ ಹೊರಬಂದಾಗ ಅದರ ಎಳೆಗಳಲ್ಲಿ ಕಪ್ಪು ಮತ್ತು ಹಸಿರು ಪ್ಲಾಸ್ಟಿಕ್ಕಿನ ಚೂರುಗಳು ಅಂಟಿಕೊಂಡಿದ್ದವು. ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಸ್ಕ್ರೂ ಗೋಡೆಯೊಳಗಿನ ಪೈಪನ್ನು ತೂರಿ ಎರಡನ್ನೂ ಒಂದು ಮಾಡಿತ್ತು. ಅದೇ ಪೈಪಿನಲ್ಲಿದ್ದ ಕೆಂಪು ಫೇಸ್ ತಂತಿ ಪಕ್ಕದಲ್ಲೇ ಇತ್ತು. ಸ್ಕ್ರೂ ಸ್ವಲ್ಪ ಓರೆಯಾಗಿ ಇಳಿದು ಅದೊಂದನ್ನೇ ಮುಟ್ಟಿದ್ದರೆ, ಅದಕ್ಕೆ ತಾಗಿದ್ದ ಟಿವಿಯ ಕಬ್ಬಿಣದ ಫ್ರೇಮಿಗೇ ಕರೆಂಟು ಹರಿಯುತ್ತಿತ್ತು. ಆಗ ಕಾಯಲು ಇದ್ದದ್ದು ನಾನು ತೆಗೆದುಹಾಕಿ ಎಂದಿದ್ದ ಆರ್‌ಸಿಸಿಬಿ ಮಾತ್ರ.

ತಪ್ಪು ಯಾರದು? ಕಾರ್ಪೆಂಟರ್ ಹೇಳಿದ, "ಪೈಪ್ ಎಲ್ಲಿದೆ ಅಂತ ನನಗೆ ಯಾರೂ ಹೇಳಲಿಲ್ಲ." ಎಲೆಕ್ಟ್ರಿಷಿಯನ್ ಹೇಳಿದರು, "ಗೋಡಿ ಮ್ಯಾಲ ಪೆನ್ಸಿಲ್‌ಲೆ ಗೀಟು ಹೊಡದಿದ್ನೆಲ್ಲ!" ಹೊಡೆದಿದ್ದರು, ನಾನೇ ನೋಡಿದ್ದೆ. ಆದರೆ ನಡುವೆ ಪೇಂಟರ್ ಬಂದು ಆ ಗೀಟಿನ ಮೇಲೆ ಎರಡು ಕೈ ಪುಟ್ಟಿ ಬಳಿದಿದ್ದ. ಅವನ ಕೆಲಸವೇ ಗೋಡೆಯ ಗೀಟು ಅಳಿಸುವುದು. ಮೂವರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು.

ಮೊದಲು ಬಂದು ಕೊನೆಗೆ ಹೋಗುವವರು

ಆ ಭಾನುವಾರ ಹೊಸ ತಂತಿ ಎಳೆಯುತ್ತ ಅವರು ತಮ್ಮ ಕಸುಬಿನ ಸಂಕಟ ಹೇಳಿಕೊಂಡರು. ಮೂರು ತಿಂಗಳು ನನ್ನ ಕಣ್ಣೆದುರೇ ನಡೆದದ್ದು ಆಗ ನನಗೆ ಅರ್ಥವಾಯಿತು.

ಕಟ್ಟಡದಲ್ಲಿ ಉಳಿದವರೆಲ್ಲ ಒಮ್ಮೆ ಬಂದು, ಕೆಲಸ ಮಾಡಿ, ಹೋಗುತ್ತಾರೆ. ಎಲೆಕ್ಟ್ರಿಷಿಯನ್ ಮಾತ್ರ ನಾಲ್ಕೈದು ಸಲ ಬರಬೇಕು. ಸ್ಲ್ಯಾಬಿಗೆ ಮುಂಚೆ ಪೈಪು ಹಾಕಲು, ಗಿಲಾವಿಗೆ ಮುಂಚೆ ಗೋಡೆ ಕೊರೆದು ಬಾಕ್ಸು ಕೂರಿಸಲು, ಛಾವಣಿ ಮುಚ್ಚುವ ಮುಂಚೆ ತಂತಿ ಎಳೆಯಲು, ಬಣ್ಣದ ನಂತರ ಸ್ವಿಚ್ಚು ಕೂರಿಸಲು. ಪ್ರತಿ ಸಲ ಅವರು ಹೋದ ಮೇಲೆ ಇನ್ನೊಬ್ಬರು ಬಂದು ಅವರ ಕೆಲಸದ ಮೇಲೆ ತಮ್ಮ ಕೆಲಸ ಹೊದಿಸುತ್ತಾರೆ.

ದೊಡ್ಡ ಕಟ್ಟಡಗಳಲ್ಲಿ ಇದು ಸ್ಲ್ಯಾಬಿನಿಂದಲೇ ಶುರು. ಕೆಳಗಿನ ಕಬ್ಬಿಣ ಕಟ್ಟಿದ ಮೇಲೆ, ಮೇಲಿನ ಕಬ್ಬಿಣ ಬರುವ ಮುಂಚೆ ಪೈಪು, ಫ್ಯಾನ್ ಬಾಕ್ಸು ಹಾಕಬೇಕು. ಕಬ್ಬಿಣದವರು ತಡ ಮಾಡಿದರೆ ಆ ತಡವೆಲ್ಲ ಎಲೆಕ್ಟ್ರಿಷಿಯನ್ ತಲೆಗೆ. ಬೆಳಿಗ್ಗೆ ಆರಕ್ಕೆ ಕಾಂಕ್ರೀಟಿನ ಗಾಡಿ ಬರುತ್ತದೆಂದರೆ ರಾತ್ರಿಯೆಲ್ಲ ಪೈಪು ಕಟ್ಟಬೇಕು. ಕಾಂಕ್ರೀಟ್ ಸುರಿಯುವಾಗ ಬೂಟುಕಾಲು ಬಿದ್ದು ಪೈಪಿನ ಜೋಡಣೆ ಕಳಚುತ್ತದೆ, ವೈಬ್ರೇಟರಿನ ಸೂಜಿ ತಗುಲಿ ಒಡೆಯುತ್ತದೆ, ಒಳಗೆ ಸಿಮೆಂಟಿನ ಹಾಲು ಹೋಗಿ ಕಲ್ಲಾಗುತ್ತದೆ. ಅದು ಗೊತ್ತಾಗುವುದು ತಿಂಗಳುಗಳ ನಂತರ, ತಂತಿ ಎಳೆಯಲು ಹೋದಾಗ. ಆಗ ಸ್ಲ್ಯಾಬು ಒಡೆಯುವ ಹಾಗಿಲ್ಲ, ಸುತ್ತು ಹಾಕಿ ಬೇರೆ ದಾರಿ ಹುಡುಕಬೇಕು.

"ಅದಕ್ಕ ಸ್ಲ್ಯಾಬ್ ಹಾಕೂ ದಿನ ಇಬ್ರು ಹುಡುಗ್ರನ್ನ ಮ್ಯಾಲ ನಿಂದರಸ್ತೀನ್ರಿ. ಅವರಿಗೆ ಆ ದಿನ ಕೆಲಸ ಅಂತ ಏನೂ ಇಲ್ಲ, ಕಾಯೂದ ಕೆಲಸ. ಆ ಪಗಾರ ನನಗ ಯಾರೂ ಕೊಡಂಗಿಲ್ಲ."

ಮುಂದೆ ಗೌಂಡಿ. ಬಾಕ್ಸು ಕೂರಿಸಿ, ಒಳಗೆ ಕಾಗದ ತುರುಕಿ ಹೋದರೂ ಗಿಲಾವಿನ ಭರದಲ್ಲಿ ಅದು ಗೋಡೆಯೊಳಗೇ ಮುಚ್ಚಿಹೋಗುತ್ತದೆ. ನಮ್ಮ ಮನೆಯಲ್ಲಿ ಮಲಗುವ ಕೋಣೆಯ ಒಂದು ಬಾಕ್ಸು ಹೀಗೆ ಕಾಣೆಯಾಗಿ, ಗೋಡೆ ಕುಟ್ಟಿ ಸದ್ದು ಕೇಳಿ ಹುಡುಕಬೇಕಾಯಿತು. ಅಡುಗೆಮನೆಯಲ್ಲಿ ಟೈಲ್ಸ್ ಎಷ್ಟು ದಪ್ಪ ಎಂದು ಮೊದಲೇ ಗೊತ್ತಾಗದಿದ್ದರೆ ಬಾಕ್ಸು ಆಳಕ್ಕೆ ಹೋಗುತ್ತದೆ, ಸ್ವಿಚ್ಚಿನ ಸ್ಕ್ರೂ ಎಟುಕುವುದಿಲ್ಲ. ಸ್ವಿಚ್‌ಬೋರ್ಡು ಅಲ್ಲಾಡಿದರೆ ಮನೆಯವರು ಬೈಯುವುದು ಟೈಲ್ಸಿನವನನ್ನಲ್ಲ.

ಎಸಿಯವರು ಹೊರಗೋಡೆಗೆ ತೂತು ಕೊರೆಯುವಾಗ ಒಳಗೇನಿದೆ ಎಂದು ಕೇಳುವುದಿಲ್ಲ. ಪಿಒಪಿಯವರು ಲೈಟಿನ ತೂತು ಕೊರೆದ ಜಾಗದಲ್ಲೇ ಕಬ್ಬಿಣದ ಪಟ್ಟಿ ಸಿಗುತ್ತದೆ. ನೇತಾಡುವ ತಂತಿ ಅಡ್ಡ ಬಂತೆಂದು ಕತ್ತರಿಸಿದರೆ, ಆಮೇಲೆ ಎಟುಕದ ಮೋಟು ತಂತಿಗೆ ಛಾವಣಿಯೊಳಗೆ ಜಾಯಿಂಟು ಹಾಕಬೇಕು. ಬಡಗಿ ಮಾಡಿದ ವಾರ್ಡ್‌ರೋಬಿನ ಹಿಂದೆ ಸ್ವಿಚ್‌ಬೋರ್ಡು ಸಿಕ್ಕಿಕೊಳ್ಳುತ್ತದೆ. ಪೇಂಟರ್ ಸ್ಪ್ರೇ ಹೊಡೆಯುವಾಗ ತೆರೆದ ಬೋರ್ಡಿನ ಮೇಲೂ ಹೊಡೆದರೆ, ಕೆಂಪು, ಹಳದಿ, ನೀಲಿ, ಕಪ್ಪು, ಹಸಿರು ತಂತಿಗಳೆಲ್ಲ ಒಂದೇ ಬಿಳಿ. ತಂತಿಯ ಬಣ್ಣವೇ ಅದರ ಹೆಸರು. ಹೆಸರು ಅಳಿಸಿದ ತಂತಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಮತ್ತೆ ಗುರುತಿಸಬೇಕು.

ಬೆಂಕಿಕಡ್ಡಿಯ ಪ್ಲಗ್

ಇವೆಲ್ಲ ಕೆಲಸ ಕೆಡಿಸುವ ಮಾತು. ಅವರು ನಿಜಕ್ಕೂ ಸಿಟ್ಟಾದದ್ದು ಬೇರೆ ವಿಷಯಕ್ಕೆ.

ನೀವೂ ನೋಡಿರುತ್ತೀರಿ. ಸೈಟಿನಲ್ಲಿ ಕಟರ್ ಮಷೀನಿನ ತಂತಿಗೆ ಪ್ಲಗ್ ಇರುವುದಿಲ್ಲ. ಎರಡು ತಂತಿಯ ತುದಿ ಸುಲಿದು, ಸಾಕೆಟ್ಟಿನ ತೂತಿಗೆ ತುರುಕಿ, ಬೀಳದಿರಲೆಂದು ಬೆಂಕಿಕಡ್ಡಿ ಚುಚ್ಚಿರುತ್ತಾರೆ. ಅರ್ತ್ ತಂತಿ ಇಲ್ಲವೇ ಇಲ್ಲ. ಟೈಲ್ಸ್ ಕಟರ್ ಅಂದರೆ ನೀರು ಚಿಮುಕಿಸುತ್ತ ಕೊಯ್ಯುವ ಕೆಲಸ. ನೆಲವೆಲ್ಲ ಒದ್ದೆ, ಕೆಲಸದವನ ಕಾಲಲ್ಲಿ ಚಪ್ಪಲಿಯೂ ಇಲ್ಲ. ನಮ್ಮ ಮನೆಯಲ್ಲೂ ಹೀಗೇ ನಡೆದಿತ್ತು. ಅವರು ತಾತ್ಕಾಲಿಕ ಬೋರ್ಡಿಗೂ ಆರ್‌ಸಿಸಿಬಿ ಹಾಕಿಕೊಟ್ಟಿದ್ದರು. ಅದು ಪದೇಪದೇ ಬೀಳುತ್ತದೆಂದು ಯಾರೋ ಅದರ ಮುಂಚಿನಿಂದಲೇ ತಂತಿ ಎಳೆದುಕೊಂಡಿದ್ದರು. ನನ್ನ ಮನೆ, ನನ್ನ ಮೀಟರು. ಆ ದಿನ ನಾನು ಅಲ್ಲೇ ನಿಂತು ಅಡುಗೆಮನೆಯ ಟೈಲ್ಸಿನ ಬಣ್ಣದ ಬಗ್ಗೆ ಚರ್ಚೆ ಮಾಡುತ್ತಿದ್ದೆ, ಅದನ್ನು ನೋಡಿಯೂ ನೋಡಲಿಲ್ಲ.

"ಏನರ ಆದ್ರ ಪೊಲೀಸ್ರು ಮೊದಲ ಕೇಳೂದು ವೈರಿಂಗ್ ಯಾರು ಮಾಡ್ಯಾರ ಅಂತರಿ. ಪ್ಲಗ್ ಯಾರು ಕಿತ್ತಾರ ಅಂತ ಕೇಳಂಗಿಲ್ಲ."

ಉಳಿದವರ ಮಾತೂ ಇದೆ

ಒಬ್ಬರ ಅಹವಾಲು ಕೇಳಿ ತೀರ್ಪು ಕೊಡುವುದು ಸರಿಯಲ್ಲ. ಮುಂದಿನ ವಾರ ಬಾಕಿ ಲೆಕ್ಕ ಚುಕ್ತಾ ಮಾಡಲು ಉಳಿದವರು ಬಂದಾಗ, ನನ್ನ ಹರಕುಮುರುಕು ಹಿಂದಿಯಲ್ಲಿ ಅವರನ್ನೂ ಕೇಳಿದೆ. ಎಲೆಕ್ಟ್ರಿಷಿಯನ್ ಹುಡುಗರು ಸಿಕ್ಕಸಿಕ್ಕಲ್ಲಿ ಗೋಡೆ ಕೊರೆದು ಮಣ್ಣು ಗುಡ್ಡೆ ಹಾಕಿ ಹೋಗುತ್ತಾರೆ ಎಂದ ಗೌಂಡಿ. ಗಿಲಾವು ಮುಗಿದ ಮೇಲೆ 'ಇನ್ನೊಂದು ಪಾಯಿಂಟು' ಎಂದು ಮತ್ತೆ ಕೊರೆದರೆ ತೇಪೆ ಹಾಕುವ ಕೂಲಿ ತನಗಿಲ್ಲ ಎಂದ. ಪ್ಲಂಬರ್ ತನ್ನ ನೀರಿನ ಪೈಪನ್ನು ಅವರ ಕಟರ್ ಸೀಳಿದ್ದನ್ನು ನೆನಪಿಸಿದ. ಅದೂ ಸುಳ್ಳಲ್ಲ. ಆ 'ಇನ್ನೊಂದು ಪಾಯಿಂಟು' ಕೇಳಿದ್ದು ನಾನು. ಮಂಚ ಯಾವ ಗೋಡೆಗೆ ಎಂದು ನಾವು ಮೂರು ಸಲ ಮನಸ್ಸು ಬದಲಿಸಿದ್ದೆವು.

ಎಲ್ಲರ ಲೆಕ್ಕ ನೋಡಿದಾಗ ವಿಷಯ ತಿಳಿಯಾಯಿತು. ಗೌಂಡಿಗೆ, ಪೇಂಟರಿಗೆ, ಪಿಒಪಿಯವನಿಗೆ, ಟೈಲ್ಸಿನವನಿಗೆ ಚದರಡಿ ಲೆಕ್ಕ. ಎಲೆಕ್ಟ್ರಿಷಿಯನ್‌ಗೆ ಪಾಯಿಂಟ್ ಲೆಕ್ಕ. ಒಬ್ಬರು ಇನ್ನೊಬ್ಬರ ಕೆಲಸ ನೋಡಿಕೊಂಡು ನಿಧಾನಿಸಿದರೆ ಅವರ ದಿನದ ದುಡಿಮೆ ಕಡಿಮೆಯಾಗುತ್ತದೆ. ಪೆನ್ಸಿಲ್ ಗೀಟನ್ನು ಉಳಿಸಲು ಪೇಂಟರಿಗೆ ನಾನು ಒಂದು ಪೈಸೆಯನ್ನೂ ಗೊತ್ತುಮಾಡಿರಲಿಲ್ಲ. ಒಂದು ಕೆಲಸಕ್ಕೂ ಇನ್ನೊಂದು ಕೆಲಸಕ್ಕೂ ನಡುವೆ ಇರುವ ಜಾಗಕ್ಕೆ ಯಾರೂ ಹೊಣೆಯಲ್ಲ, ಏಕೆಂದರೆ ಅದಕ್ಕೆ ಯಾರಿಗೂ ಸಂಬಳವಿಲ್ಲ. ಎಲೆಕ್ಟ್ರಿಷಿಯನ್‌ನ ಕೆಲಸವೆಲ್ಲ ಇರುವುದು ಆ ನಡುವಿನ ಜಾಗದಲ್ಲೇ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಯಾರು, ಯಾವಾಗ, ಯಾವ ಸಾಲು ಬದಲಿಸಿದರು ಎಂಬುದಕ್ಕೆ ದಾಖಲೆ ಇರುತ್ತದೆ. ಬೇರೆಯವರ ಕೆಲಸದೊಂದಿಗೆ ಸೇರಿಸುವ ಮುಂಚೆ ಪರೀಕ್ಷೆ ಇರುತ್ತದೆ. ಅದನ್ನೇ ದಿನವಿಡೀ ಮಾಡುವ ನಾನು, ಜೀವಮಾನದ ಸಾಲ ಮಾಡಿ ಕೊಂಡ ಮನೆಯಲ್ಲಿ ಅದೊಂದನ್ನೂ ಮಾಡಿಸಲಿಲ್ಲ. ಫರ್ನಿಚರ್ ಮುಗಿದ ಮೇಲೆ ಇನ್ನೊಮ್ಮೆ ಮೆಗರ್ ಹಚ್ಚುತ್ತೇನೆ, ಒಂದು ದಿನ ಕೊಡಿ ಎಂದು ಅವರು ಕೇಳಿದ್ದರು. ಶಾಲೆ ಶುರುವಾಗುವ ಮುಂಚೆ ಗೃಹಪ್ರವೇಶ ಆಗಬೇಕಿತ್ತು. "ಆಮೇಲೆ ನೋಡೋಣ ಬಿಡ್ರಿ" ಎಂದವನು ನಾನೇ.

ಮನೆ ಮಾಡಿಸುವವರಿಗೆ

ಊರು ಬಿಟ್ಟು ಬಂದ ನಾವು ಹೆಚ್ಚಿನವರು ಹೀಗೆ ಫ್ಲ್ಯಾಟು ಕೊಂಡು, ಇಂಟೀರಿಯರ್ ಮಾಡಿಸಿ, ರಜೆ ಇಲ್ಲದೆ ವಾಟ್ಸ್ಯಾಪಿನಲ್ಲೇ ಕೆಲಸ ನೋಡಿಕೊಳ್ಳುವವರು. ನನ್ನ ತಪ್ಪಿನಿಂದ ಕಲಿತದ್ದು ಇಷ್ಟು:

• ಗೋಡೆ ಕೊರೆಯುವ ಮುಂಚೆ ಎಲ್ಲ ಕಸುಬಿನವರನ್ನೂ ಒಂದು ಗಂಟೆ ಒಟ್ಟಿಗೆ ಮನೆಯಲ್ಲಿ ನಿಲ್ಲಿಸಿ. ಮಂಚ, ಟಿವಿ, ಫ್ರಿಜ್, ಚಿಮಣಿ, ಎಸಿ ಎಲ್ಲಿ ಬರುತ್ತವೆ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಆಮೇಲೆ ಮನಸ್ಸು ಬದಲಿಸಿದರೆ ಅದರ ಖರ್ಚು ನಿಮ್ಮದೆಂದು ಒಪ್ಪಿಕೊಳ್ಳಿ.

• ಗಿಲಾವು ಮುಚ್ಚುವ ಮುಂಚೆ ಪ್ರತಿ ಗೋಡೆಯ ಫೋಟೊ ತೆಗೆಯಿರಿ, ಟೇಪು ಹಿಡಿದು ನೆಲದಿಂದ ಮತ್ತು ಮೂಲೆಯಿಂದ ಅಳತೆ ಕಾಣುವಂತೆ. ಪೆನ್ಸಿಲ್ ಗೀಟು ಅಳಿಸುತ್ತದೆ, ಫೋಟೊ ಉಳಿಯುತ್ತದೆ. ಪೈಪುಗಳು ನೇರ ಮೇಲೆ-ಕೆಳಗೆ ಅಥವಾ ಅಡ್ಡಡ್ಡ ಹೋಗಲಿ, ಓರೆಯಾಗಿ ಬೇಡ. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ, ಪಕ್ಕಕ್ಕೆ ಡ್ರಿಲ್ ಮಾಡಿಸುವ ಮುಂಚೆ ಎರಡು ಸಲ ಯೋಚಿಸಿ.

• ಮೆಗರ್ ಪರೀಕ್ಷೆ ಎರಡು ಸಲ: ತಂತಿ ಎಳೆದ ಮೇಲೊಮ್ಮೆ, ಬಡಗಿ ಕೆಲಸ ಮುಗಿದ ಮೇಲೊಮ್ಮೆ. ಎರಡನ್ನೂ ಒಪ್ಪಂದದಲ್ಲೇ ಬರೆದು, ಅದಕ್ಕೆ ಬೇರೆ ದುಡ್ಡು ಗೊತ್ತುಮಾಡಿ. ನಡುವೆ ಯಾರ ಕಾಲದಲ್ಲಿ ದೋಷ ಬಂತೆಂದು ಜಗಳವಿಲ್ಲದೆ ತಿಳಿಯುತ್ತದೆ.

• ಕೆಲಸ ಶುರುವಾಗುವ ದಿನವೇ ಆರ್‌ಸಿಸಿಬಿ ಇರುವ ತಾತ್ಕಾಲಿಕ ಬೋರ್ಡು, ಮೂರು ತಂತಿಯ ಗಟ್ಟಿ ಎಕ್ಸ್‌ಟೆನ್ಶನ್, ಒಂದಷ್ಟು ಪ್ಲಗ್ ಟಾಪು ತಂದಿಡಿ. ಪ್ಲಗ್ ಇಲ್ಲದ ಮಷೀನು ಮನೆಯೊಳಗೆ ಬೇಡ ಎಂದು ಮಾಲೀಕರಾಗಿ ನೀವೇ ಹೇಳಿ. ಎಲೆಕ್ಟ್ರಿಷಿಯನ್ ಹೇಳಿದರೆ ಯಾರೂ ಕೇಳುವುದಿಲ್ಲ.

• ಕೊನೆಗೆ ಹೋಗುವವನಿಗೆ ಕೊನೆಯ ಕಂತು ಸಿಗದೆ ಹೋಗುವುದು ವಾಡಿಕೆ. ಬಜೆಟ್ ಮೀರಿರುತ್ತದೆ, ಎಲ್ಲರ ದೋಷವೂ ಅವನ ಲೆಕ್ಕದಲ್ಲೇ ಇರುತ್ತದೆ. ಆ ದುಡ್ಡನ್ನು ಮೊದಲೇ ತೆಗೆದಿಡಿ.

ಟಿವಿ ಗೋಡೆಯ ರಿಪೇರಿಗೆ ಅರ್ಧ ದಿನ ಹಿಡಿಯಿತು. ಕಾರ್ಪೆಂಟರ್ ತನ್ನ ಕೂಲಿ ಕೇಳಿದ, ಕೊಟ್ಟೆ. ಎಲೆಕ್ಟ್ರಿಷಿಯನ್ ಏನೂ ಕೇಳಲಿಲ್ಲ, 'ನಂದ ಕೆಲಸರಿ ಅದು' ಎಂದರು. ನನ್ನ ಹೆಂಡತಿ ಲಕೋಟೆಯಲ್ಲಿ ಹಾಕಿ ಕೊಟ್ಟಳು. "ಹಿಡೀರಿ ಕಾಕಾ, ಇದು ನಮ್ಮ ತಪ್ಪಿನ ದುಡ್ಡು" ಎಂದಳು. "ಬ್ಯಾಡ್ರಿ ಅಕ್ಕಾರ" ಎನ್ನುತ್ತಲೇ ತೆಗೆದುಕೊಂಡರು.

ಗೋಡೆಯ ಫೋಟೊಗಳು ಅವರ ಹುಡುಗನ ಮೊಬೈಲಿನಲ್ಲಿ ಕೆಲವು ಸಿಕ್ಕವು. ಅವನ್ನು ಪ್ರಿಂಟು ಹಾಕಿಸಿ, ಅಳತೆ ಬರೆದು, ಬೋರ್ಡಿನ ಬಾಗಿಲ ಒಳಗೆ ಅಂಟಿಸಿದೆ. ಕಳೆದ ವಾರ ಪರದೆಯ ರಾಡು ಹಾಕುವ ಹುಡುಗ ಬಂದ. ಡ್ರಿಲ್ ಎತ್ತುವ ಮುಂಚೆ ಅವನನ್ನು ಕರೆದು ಫೋಟೊ ತೋರಿಸಿದೆ. ಅವನು ಒಮ್ಮೆ ಚಿತ್ರ ನೋಡಿ, ಒಮ್ಮೆ ಗೋಡೆ ನೋಡಿ, ತೂತಿನ ಗುರುತನ್ನು ನಾಲ್ಕು ಇಂಚು ಪಕ್ಕಕ್ಕೆ ಸರಿಸಿದ.

ಇದನ್ನು ಹೇಳೋಣವೆಂದು ಕಾಕಾನಿಗೆ ಫೋನ್ ಮಾಡಿದೆ. ಹಿಂದೆ ಯಂತ್ರದ ಗುಂಯ್ ಸದ್ದು, ಜನರ ಕೂಗಾಟ. "ಸರ, ಆಮ್ಯಾಲ ಮಾತಾಡೂಣ್ರಿ, ಸ್ಲ್ಯಾಬಿನ ಮ್ಯಾಲ ನಿಂತೀನಿ" ಎಂದವರು, ನನ್ನ ಉತ್ತರಕ್ಕೂ ಕಾಯದೆ ಯಾರನ್ನೋ ಗದರಿದರು: "ಏ, ಪೈಪಿನ ಮ್ಯಾಲಿಂದ ಕಾಲ್ ತಗೀಪಾ!"